ತಂಗಿಯ ಅಂಗಳದ ಗೂಟ

ನನ್ನ ಗೆಳೆಯನನ್ನು ಎಲ್ಲರೂ ಗೂಟದಣ್ಣ ಎನ್ನುತ್ತಿದ್ದರು. ನಗರ ಯೋಜನಾ ಕಚೇರಿಯಲ್ಲಿ ಅವನು ಸರ್ವೇಯರ್, ನಾನು ನಕ್ಷೆ ಬರೆಯುವವನು. ಅವನು ಅಳೆದು ಗೂಟ ಹೊಡೆದಲ್ಲಿ ನಾನು ಕಾಗದದ ಮೇಲೆ ಗೆರೆ ಎಳೆಯುತ್ತಿದ್ದೆ. "ಭೂಮಿ ಮೇಲೆ ಯಾರೂ ಗೂಟ ಹೊಡ್ಕೊಂಡು ಕೂತಿರಲ್ಲ, ನನ್ನೊಬ್ಬನ್ನ ಬಿಟ್ಟು" ಎಂದು ತಾನೇ ನಗುತ್ತಿದ್ದ. ಹೋದ ತಿಂಗಳು ಅವನೂ ಎದ್ದು ಹೋದ. ಮಾತಿಗೆ ನನಗೆ ಬೇಕಾದಷ್ಟು ಜನ ಇದ್ದಾರೆ. ಜೊತೆಯಲ್ಲಿ ಸುಮ್ಮನೆ ಕೂರಲು ಯಾರೂ ಇಲ್ಲ.

ಅವನ ಕೆಲಸ ಬಹುಪಾಲು ಕೆರೆಯ ಸುತ್ತಲೇ. ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿಂದ ಮೂವತ್ತು ಮೀಟರ್ ಒಳಗೆ ಮನೆ ಕಟ್ಟುವಂತಿಲ್ಲ, ಗಾಡಿ ಓಡುವ ರಸ್ತೆ ಹಾಕುವಂತಿಲ್ಲ. ಕಾಲುದಾರಿ ಇರಬಹುದು, ಅಷ್ಟೆ. ಆದರೆ ಅಳೆಯಲು ಹೋದ ದಿನ ನೀರು ಇನ್ನೆಲ್ಲೋ ಇರುತ್ತದೆ. ಹಾಗಾಗಿ ಅವನು ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ಬಂಡೆಗಳ ಮೇಲೆ ತುಂಬುನೀರು ಬಿಟ್ಟುಹೋದ ಬಿಳಿ ಕಲೆ, ಒಣಗಿದ ಜೊಂಡು, ಬೇಲಿಗೆ ಸಿಕ್ಕಿಕೊಂಡ ಕಸಕಡ್ಡಿ ಹುಡುಕುತ್ತ ಬಗ್ಗಿ ನಡೆಯುತ್ತಿದ್ದ. ಏನು ಕಳೆದುಹೋಯಿತು ಎಂದು ಕೇಳಿದವರಿಗೆ, "ಕೆರೆ ಕಳೆದಿದೆ, ಹುಡುಕ್ತಾ ಇದೀನಿ" ಎನ್ನುತ್ತಿದ್ದ.

ಒಂದೇ ಒಂದು ಸಲ ನೀರನ್ನು ನೋಡಿ ಅಳೆದ. ಅದೂ ತಂಗಿಗಾಗಿ.

ಅವಳು ಬಟ್ಟೆ ಹೊಲಿಯುವವಳು. ದಡದ ಹತ್ತಿರ ಒಂದು ಸೈಟು ಮೆಚ್ಚಿಕೊಂಡಿದ್ದಳು. ಆ ದಡಕ್ಕೆ ನಿಯಮ ಇನ್ನೂ ಬಂದಿರಲಿಲ್ಲ. ಇಂದಲ್ಲ ನಾಳೆ ಬರುತ್ತದೆಂದು ಇವನಿಗೆ ಗೊತ್ತಿತ್ತು. ಅಳೆದೇ ಹೇಳುತ್ತೇನೆಂದು ಒಂದು ಭಾನುವಾರ ಹೋದ. ಅವಳು ಟೇಪಿನ ತುದಿ ಹಿಡಿದು, ಬಿಸಿಲು, ಬೇಗ ಬೇಗ ಎನ್ನುತ್ತ ನೀರಿನ ಅಂಚಿಗೇ ಹೋಗಿ ನಿಂತಳು. ಅವಳು ನಿಂತಲ್ಲಿಂದಲೇ ಅಳೆದ. ಆ ವರ್ಷ ತೂಬಿನ ರಿಪೇರಿಗೆಂದು ಕೆರೆಯ ನೀರು ಹೊರಗೆ ಬಿಟ್ಟು ತಗ್ಗಿಸಿದ್ದರು. ಅದು ಅವನಿಗೆ ಗೊತ್ತಿರದ ಸಂಗತಿಯೇನಲ್ಲ. ಬೇರೆಯವರ ಜಾಗವಾಗಿದ್ದರೆ ಮೊದಲು ಬಂಡೆ ಹುಡುಕುತ್ತಿದ್ದ. ತಂಗಿ ನಗುತ್ತಿದ್ದಳು, ಧಾರಾಳವಾಗಿ ಕಟ್ಟಿಕೋ ಎಂದುಬಿಟ್ಟ.

ಕಟ್ಟಿಕೊಂಡಳು. ಕೆರೆಗೆ ಮುಖ ಮಾಡಿದ ಮುಂದಿನ ಕೋಣೆಗೆ ದೊಡ್ಡ ಕಿಟಕಿ, ಅದರ ಕೆಳಗೆ ಹೊಲಿಗೆ ಮಶೀನು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವವರಿಗೆ ಅಂಥ ಬೆಳಕು ಬೇಕು.

ತೂಬು ಸರಿಹೋಯಿತು, ಕೆರೆ ತುಂಬಿತು, ಆಮೇಲೆ ನಿಯಮವೂ ಬಂತು. ಇವನೇ ಅಳೆಯಬೇಕಾಯಿತು. ಬಂಡೆಯ ಕಲೆಯಿಂದ ಹಿಡಿದ ಟೇಪು ಆ ಕೋಣೆಯ ಹಿಂದಿನ ಗೋಡೆಗೆ ಬಂದು ಮುಗಿಯಿತು; ಇಡೀ ಕೋಣೆ ಮೂವತ್ತು ಮೀಟರಿನೊಳಗೆ. ಕೋಣೆಯ ಪಕ್ಕದ ಅಂಗಳದಲ್ಲಿ ಗೂಟ ಹೊಡೆದ. ಅಧಿಕಾರಿ ಒಳ್ಳೆಯ ಮನುಷ್ಯ. ನಿಮ್ಮ ತಂಗಿಯ ಮನೆ ತಾನೆ, ಗೂಟ ನಾಲ್ಕು ಹೆಜ್ಜೆ ಕೆರೆಯ ಕಡೆಗೆ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದರು. "ಅದೇ ಸಾಲಲ್ಲಿ ಬೇರೆಯವರ ಶೆಡ್ಡು ಕೀಳಿಸಿದೋನು ನಾನೇ ಸಾರ್" ಎಂದ ಇವನು.

ತಂಗಿ ಸುದ್ದಿ ಕೇಳಿ ಕತ್ತರಿ ಕೆಳಗಿಟ್ಟಳು.

"ನನ್ನ ಅಳತೆ ತಪ್ಪಿದ್ರೆ ನಾನು ಬಿಚ್ಚಿ ಹೊಲೀತೀನಿ. ನೀನೇನು ಬಿಚ್ತೀಯ ಅಣ್ಣ?"

"ಗೋಡೆ."

ಅಲ್ಲಿಗೆ ಅವಳು ಅವನೊಂದಿಗೆ ಮಾತು ಬಿಟ್ಟಳು.

ಅವನು ರಜೆ ಹಾಕಿದ. ತಂಗಿಯ ಗಂಡ, ನಾನು, ಅವನು ಸೇರಿ ಕೋಣೆ ಬಿಚ್ಚಿದೆವು. ಇಟ್ಟಿಗೆ ಕೆರೆದು ಶುಚಿ ಮಾಡಿ ಮನೆಯ ಹಿಂದುಗಡೆ ಇನ್ನೊಂದು ಕೋಣೆ ಎಬ್ಬಿಸಿದೆವು. ಬೆಳಕು ಸಾಲದೆಂದು ಸೂರಿನಲ್ಲಿ ಗಾಜು ಕೂರಿಸಿದ. ಅವಳು ಹೊತ್ತು ಹೊತ್ತಿಗೆ ಟೀ ತಂದಿಡುತ್ತಿದ್ದಳು, ಮಾತು ಮಾತ್ರ ನನ್ನ ಕಡೆಗೆ: "ನಿಮ್ಮ ಫ್ರೆಂಡಿಗೆ ಹೇಳಿ, ಟೀ ಆರ್ತಾ ಇದೆ." ಅವನು ಅಲ್ಲೇ, ಕೈಯಳತೆ ದೂರದಲ್ಲಿ. ಸಕ್ಕರೆ ಕಮ್ಮಿ ಎಂದು ಹೇಳು ಎನ್ನುತ್ತಿದ್ದ ನನಗೆ. "ಭಾವ, ನೀವು ಪುಣ್ಯವಂತರು. ನನ್ನ ಹತ್ರ ಒಂದಿನಾನೂ ಮಾತು ಬಿಟ್ಟಿಲ್ಲ ಇವಳು" ಎಂದ ಅವಳ ಗಂಡ. ನಗುವ ಧೈರ್ಯ ಯಾರಿಗೂ ಬರಲಿಲ್ಲ.

ಮನೆಯ ಮುಂದೆ ಬರೀ ಅಂಗಳ ಉಳಿಯಿತು, ಅದರಂಚಿಗೆ ಗೂಟ. ಅವಳು ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಆ ಗೂಟಕ್ಕೇ ಕಟ್ಟಿದಳು. ಒದ್ದೆ ಬಟ್ಟೆಯ ಭಾರಕ್ಕೆ ಗೂಟ ವಾಲಿತು. ಓರೆ ಗೂಟ ಅವನ ಕಣ್ಣಿಗೆ ಮುಳ್ಳು. ಭಾನುವಾರ ಸುತ್ತಿಗೆ ಹಿಡಿದು ಬಂದು, ಹಗ್ಗ ಬಿಚ್ಚಿ ಪೇರಲೆ ಮರಕ್ಕೆ ಕಟ್ಟಿ, ಗೂಟ ನೆಟ್ಟಗೆ ಮಾಡಿ ಹೋದ. ಮುಂದಿನ ಭಾನುವಾರಕ್ಕೆ ಹಗ್ಗ ಮತ್ತೆ ಗೂಟದಲ್ಲಿ. ಮರ ಅಷ್ಟು ಗಟ್ಟಿಯಾಗಿದ್ದರೂ ಅವಳಿಗೆ ಗೂಟವೇ ಬೇಕು. ತಿಂಗಳುಗಟ್ಟಲೆ ಇದೇ ನಡೆಯಿತು.

ಒಂದು ವಾರ ಜ್ವರ ಬಂದು ಅವನು ಹೋಗಲಿಲ್ಲ. ಮರುವಾರ ಹೋದಾಗ ಅವಳು ಅಂಗಳದಲ್ಲೇ ನಿಂತಿದ್ದಳು.

"ಹೋದ ವಾರ ಯಾಕೆ ಬರ್ಲಿಲ್ಲ? ಗೂಟ ನೋಡು, ಬೀಳೋ ಹಾಗಾಗಿದೆ."

ನೇರವಾಗಿ ಅವನಿಗೇ. ನಾನು ಪಕ್ಕದಲ್ಲೇ ಇದ್ದೆ, ನನ್ನ ಕಡೆ ತಿರುಗಲೂ ಇಲ್ಲ. ಸಂಜೆ ವಾಪಸು ಬರುವಾಗ ಅವನು, ಇವತ್ತು ಟೀಗೆ ಸಕ್ಕರೆ ಸರಿಯಾಗಿತ್ತು ಎಂದ, ಅಷ್ಟೆ.

ಆಮೇಲೂ ಹಗ್ಗ ಗೂಟದಿಂದ ಕದಲಲಿಲ್ಲ, ಅವನ ಭಾನುವಾರಗಳೂ ತಪ್ಪಲಿಲ್ಲ, ಕೊನೆಯ ಕಾಯಿಲೆಯವರೆಗೆ.

ಮೊನ್ನೆ ಭಾನುವಾರ ಕಾಲು ತಾನಾಗಿಯೇ ಆ ಕಡೆ ಎಳೆಯಿತು. ಹಗ್ಗ ಪೇರಲೆ ಮರಕ್ಕೆ ಕಟ್ಟಿತ್ತು. ಗೂಟ ಓರೆಯಾಗಿಯೇ ಇತ್ತು. ಅವಳು ಒಳಗಿನಿಂದ ಸುತ್ತಿಗೆ ತಂದು ನನ್ನ ಕೈಗಿತ್ತಳು. ನಾನು ಗೂಟವನ್ನು ಎತ್ತಿ ನಿಲ್ಲಿಸಿ ಬುಡ ಬಿಗಿ ಮಾಡುವಾಗ ದೂರ ನಿಂತು, ಬಟ್ಟೆಯ ಅಂಚು ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದಳು.

"ಸಾಕು" ಎಂದಳು. ಹತ್ತಿರ ಬಂದು ಸುತ್ತಿಗೆ ತೆಗೆದುಕೊಳ್ಳುತ್ತ, "ಅಣ್ಣ ಆಗಿದ್ರೆ ಇನ್ನೊಂದು ಸಲ ನೋಡ್ತಿದ್ದ."

ನಾನು ಇನ್ನೊಂದು ಸಲ ನೋಡಿದೆ.