ದಿನಕ್ಕೆ ಎರಡು ಚೊಂಬು ನೀರು

ನನ್ನ ತಂದೆ ಶ್ರೀರಂಗಪಟ್ಟಣದಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದರು. ತೊಂಬತ್ತರ ದಶಕದ ಆರಂಭ, ನನ್ನ ಮದುವೆಗೆ ಇನ್ನೂ ಕೆಲವು ತಿಂಗಳಿದ್ದವು. ಪಕ್ಕದ ಗಂಜಾಂನ ಮುದುಕ ಸಾಬರೊಬ್ಬರು ಹೆಂಡತಿಯ ಓಲೆಗೆ ಬೆಸುಗೆ ಹಾಕಿಸಲು ಅಂಗಡಿಗೆ ಬಂದರು. ಅರಬ್ ದೇಶದಲ್ಲಿ ದುಡಿಯುತ್ತಿದ್ದ ಅವರ ಮಗ ರಜಕ್ಕೆ ಬಂದಾಗ ಯಾವುದೋ ಹೂಗಿಡದ ಬೀಜ ತಂದಿದ್ದನಂತೆ. ಐದು ಬೀಜಗಳ ಪೊಟ್ಟಣವನ್ನು ನನ್ನ ಕೈಗಿಟ್ಟರು. ಭತ್ತಕ್ಕಿಂತ ತುಸು ಉದ್ದ, ಎರಡೂ ತುದಿಯಲ್ಲಿ ಹೊಂಬಣ್ಣದ ಕೂದಲು.

“ಇದಕ್ಕೆ ನೀರು ಕಮ್ಮಿ ಹಾಕ್ಬೇಕು ಬೇಟಿ. ಪ್ರೀತಿ ಜಾಸ್ತಿಯಾಗಿ ಸುರುದ್ಬುಟ್ರೆ ಬುಡ ಕೊಳೆತೋಗ್ತದೆ,” ಎಂದರು.

ಮೂರು ಮೊಳೆತವು, ಒಂದು ಉಳಿಯಿತು. ಹೊಳೆಯ ಮರಳು, ಇಟ್ಟಿಗೆ ಚೂರು, ಅಪ್ಪನ ಕುಲುಮೆಯ ಇದ್ದಿಲು ಬೆರೆಸಿ ಕುಂಡಕ್ಕೆ ಹಾಕಿದ್ದೆ. ಇದ್ದಿಲನ್ನು ಅಪ್ಪನೇ ಕುಟ್ಟಿಕೊಟ್ಟಿದ್ದರು. ಮದುವೆಯಾಗಿ ನಾಗಮಂಗಲಕ್ಕೆ ಹೊರಟಾಗ ಆ ಕುಂಡ ಬಸ್ಸಿನಲ್ಲಿ ನನ್ನ ಮಡಿಲಲ್ಲಿತ್ತು. ಮರುವರ್ಷ ಅಪ್ಪ ಹೋಗಿಬಿಟ್ಟರು.

ನಾಗಮಂಗಲದಲ್ಲಿ ನಮ್ಮದು ತಾರಸಿಯ ಬಾಡಿಗೆ ಮನೆ. ಅಲ್ಲಿಯ ಒಣಗಾಳಿ, ಬಿಸಿಲು ಗಿಡಕ್ಕೆ ಹಿಡಿಸಿತು. ಮೂಲಂಗಿಯಂತಿದ್ದ ಬುಡ ವರ್ಷ ಕಳೆದಂತೆ ಚೊಂಬಿನಷ್ಟು ದಪ್ಪವಾಯಿತು. ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಕಲ್ಲಿನಂತಿದ್ದರೆ ನೀರು ಬೇಡ, ಸ್ವಲ್ಪ ಮೆತ್ತಗಾಗಿದ್ದರೆ ಅರ್ಧ ಲೋಟ. ಚಳಿಗಾಲದಲ್ಲಿ ಎಲೆಯೆಲ್ಲ ಉದುರುತ್ತಿತ್ತು. ಆಗ ಎರಡು ತಿಂಗಳು ಹನಿ ನೀರೂ ಇಲ್ಲ. ಮಳೆ ಬಂದರೆ ಓಡಿಹೋಗಿ ಕುಂಡವನ್ನು ಮೆಟ್ಟಿಲ ಕೆಳಗೆ ಎಳೆದಿಡುತ್ತಿದ್ದೆ. ಮೂರನೆಯ ವರ್ಷ ಹೂ ಬಿಟ್ಟಿತು. ಐದು ದಳ, ಅಂಚಿಗೆ ಗಾಢ ಗುಲಾಬಿ, ಒಳಗೆ ಹೋದಂತೆ ಬಿಳಿ. ಅಕ್ಕಪಕ್ಕದವರೆಲ್ಲ ಹತ್ತಿಬಂದು ನೋಡಿದರು. ಆ ಊರಲ್ಲಿ ಅಂಥ ಗಿಡವನ್ನು ಯಾರೂ ಕಂಡಿರಲಿಲ್ಲ. ಹೆಸರು ಗೊತ್ತಿಲ್ಲದೆ ನಾವು ಅರಬ್ಬಿ ಹೂವು ಎನ್ನುತ್ತಿದ್ದೆವು. ಅಡೇನಿಯಂ ಅನ್ನುತ್ತಾರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು.

ನನ್ನ ಗಂಡ ಸರ್ಕಾರಿ ನೌಕರ, ಅರಕೆರೆಯವರು. ನಾಗಮಂಗಲಕ್ಕೆ ಹಾಕಿದ್ದು ತಮಗೆ ಕೊಟ್ಟ ಶಿಕ್ಷೆ ಎಂದೇ ತಿಳಿದಿದ್ದರು. ಶ್ರೀರಂಗಪಟ್ಟಣಕ್ಕೆ ವರ್ಗ ಮಾಡಿಸಿಕೊಳ್ಳಲು ಐದು ವರ್ಷ ಓಡಾಡಿದರು. ಅವರ ಮೇಲಧಿಕಾರಿ ಇದ್ದದ್ದು ಪಾಂಡವಪುರದಲ್ಲಿ. ಒಮ್ಮೆ ಆ ಸಾಹೇಬರು ತಪಾಸಣೆಗೆ ಬಂದಾಗ ಅವರ ಹೆಂಡತಿಯೂ ಜೊತೆಗಿದ್ದು, ದೇವಸ್ಥಾನ ನೋಡಿಕೊಂಡು ನಮ್ಮ ಮನೆಗೆ ಕಾಫಿಗೆ ಬಂದರು. ತಾರಸಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದೆ. ಅವರು ಬಗ್ಗಿ ಒಂದೊಂದೇ ಹೂವನ್ನು ನೋಡಿದರು. “ಎಷ್ಟು ಚೆನ್ನಾಗಿ ಸಾಕಿದೀರಿ,” ಎಂದರು. ನನ್ನನ್ನು ಹಾಗೆ ಹೊಗಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಒಂದು ವಾರ ಕಳೆದಿರಬೇಕು. ನನ್ನ ಗಂಡ ಊಟಕ್ಕೆ ಕೂತವರು, “ನಾಳೆ ಪಾಂಡವಪುರಕ್ಕೆ ಓಗ್ತೀನಿ. ಆ ಗಿಡ ಕೆಳಗಿಳಿಸ್ಕೊಡು,” ಎಂದರು.

“ಯಾಕೆ?”

“ಸಾಹೇಬ್ರ ಮನೆಯೋರು ಕೇಳವ್ರೆ.”

“ಅದು ನಮ್ಮಪ್ಪನ ಕಾಲದ್ದು ಕಣ್ರೀ.”

“ನಿಮ್ಮಪ್ಪ ಚಿನ್ನ ಕೊಟ್ಟಿದ್ರೆ ಅದ್ನೇ ತಕಂಡೋಗಿ ಕೊಡ್ತಿದ್ದೆ. ಗಿಡ ತಾನೇ? ಇನ್ನೊಂದು ಬೆಳಸ್ಕೋ ಬುಡು.”

ನಾನು ಜಗಳವಾಡಲಿಲ್ಲ. ಬೆಳಿಗ್ಗೆ ನಾನೇ ಕುಂಡ ಇಳಿಸಿ, ಕೊಂಬೆ ಮುರಿಯದಂತೆ ಗೋಣಿಚೀಲ ಸುತ್ತಿ ಕೊಟ್ಟೆ. ಹೂವನ್ನು ಹೊಗಳಿ, ಹಿಂದಿನಿಂದ ಗಂಡನ ಹತ್ತಿರ ಕೇಳಿದ ಆ ಹೆಂಗಸಿನ ಮೇಲೆ ನನಗೆ ಗಂಡನ ಮೇಲಿದ್ದುದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಸಂಜೆ ನನ್ನ ಗಂಡ ಖುಷಿಯಾಗಿ ಬಂದರು. “ಅದ್ಕೆ ಎಂಗೆ ನೀರಾಕ್ಬೇಕು ಅಂತ ಕೇಳುದ್ರು ಅಮ್ಮಾವ್ರು. ಒಂದು ಚೀಟೀಲಿ ಬರ್ಕೊಡು, ನಾಳೀಕೆ ಕಳಿಸ್ತೀನಿ.”

ನಾನು ಬರೆದೆ. ‘ದಿನಕ್ಕೆ ಎರಡು ಚೊಂಬು ನೀರು. ಬೆಳಿಗ್ಗೆ ಒಂದು, ಸಂಜೆ ಒಂದು. ಬಿಸಿಲು ತಾಗಬಾರದು.’ ಸರಿಯಾಗಿ ಓದಲು ಬರಲೆಂದು ಅಕ್ಷರಗಳನ್ನು ದುಂಡಗೆ ಬರೆದೆ. ಅವರು ಚೀಟಿಯನ್ನು ನನ್ನ ಮುಂದೆಯೇ ಓದಿ ಮಡಚಿ ಜೇಬಿಗಿಟ್ಟುಕೊಂಡರು. ಐದಾರು ವರ್ಷ ಆ ಗಿಡ ಅವರ ತಲೆಯ ಮೇಲೇ ಇತ್ತು, ಬನಿಯನ್ ಒಣಹಾಕಲು ಅವರು ತಾರಸಿ ಹತ್ತುತ್ತಿದ್ದರು. ನಾನು ಅದಕ್ಕೆ ಚೊಂಬಿನಲ್ಲಿ ನೀರು ಹಾಕಿದ್ದನ್ನು ಎಂದಾದರೂ ಕಂಡಿದ್ದರೇ? ‘ಅಲ್ಲ ಕಣೆ, ನೀನು ನೀರೇ ಹಾಕ್ತಿರ್ಲಿಲ್ವಲ್ಲ’ ಎಂದು ಅವರು ಕೇಳಿದ್ದರೆ ನಾನು ಚೀಟಿ ಹರಿದುಬಿಡುತ್ತಿದ್ದೆನೇನೋ. ಕೇಳಲಿಲ್ಲ.

ಎರಡು ತಿಂಗಳಲ್ಲಿ ವರ್ಗವಾಯಿತು. ಗಂಜಾಂನಲ್ಲಿ ಮನೆ ಮಾಡಿದೆವು. ನನ್ನ ತವರೂರಿಗೇ ಬಂದಿದ್ದರೂ ಅಪ್ಪನ ಅಂಗಡಿಯಲ್ಲಿ ಯಾರೋ ಪಾತ್ರೆ ಮಾರುತ್ತಿದ್ದರು. ನಾನು ಆ ಬೀದಿಗೆ ಹೋಗುವುದನ್ನೇ ಬಿಟ್ಟೆ.

ಮಳೆಗಾಲ ಮುಗಿಯುತ್ತಿದ್ದ ಒಂದು ಶುಕ್ರವಾರ ಬಾಗಿಲಲ್ಲಿ ಆಟೋ ನಿಂತಿತು. ಸಾಹೇಬರ ಹೆಂಡತಿ ಇಳಿದರು. ನಿಮಿಷಾಂಬನ ಗುಡಿಗೆ ಬಂದವರು ಮನೆ ಹುಡುಕಿಕೊಂಡು ಬಂದಿದ್ದರು. ಕೈಯಲ್ಲಿ ಅದೇ ಕುಂಡ.

“ಏನೂ ತಿಳ್ಕೋಬೇಡಿ,” ಎಂದು ಕುಂಡವನ್ನು ಜಗಲಿಯ ಮೇಲಿಟ್ಟರು. “ನೀವು ಬರೆದ ಹಾಗೇ ಮಾಡಿದೆ. ಒಂದು ದಿನಾನೂ ತಪ್ಪಿಸ್ಲಿಲ್ಲ. ಊರಿಗೆ ಹೋದಾಗ ಪಕ್ಕದ ಮನೆಯವರಿಗೆ ಹೇಳಿ ಹಾಕಿಸಿದೀನಿ. ಆದ್ರೂ ಹೀಗಾಯ್ತು.”

ಬುಡ ಕಪ್ಪಗಾಗಿ ಕುಸಿದಿತ್ತು. ಹೆಬ್ಬೆರಳು ಇಟ್ಟರೆ ಒಳಕ್ಕೇ ಇಳಿಯಿತು. ಕೊಳೆತ ವಾಸನೆ ಬಂತು.

“ನಾನು ಅವತ್ತೇ ಬೇಡ ಅಂದೆ,” ಎಂದರು ಅವರು. “ಇಷ್ಟು ವರ್ಷ ಸಾಕಿದ್ದನ್ನ ಯಾಕೆ ತಂದ್ರಿ ಅಂದೆ. ‘ನನ್ನ ಹೆಂಡ್ತಿನೇ ಇಷ್ಟಪಟ್ಟು ಕಳಿಸಿದಾಳೆ, ವಾಪಸ್ಸು ಕಳಿಸಿದ್ರೆ ಬೇಜಾರು ಮಾಡ್ಕೋತಾಳೆ’ ಅಂದ್ರು ನಿಮ್ಮ ಯಜಮಾನ್ರು. ನಿಮ್ಮ ಪ್ರೀತಿಗೆ ನಾನು ಹೀಗೆ ಮಾಡ್ಬಿಟ್ಟೆ.”

ಆಕೆ ಗಿಡವನ್ನು ಕೇಳಿಯೇ ಇರಲಿಲ್ಲ. ಚೀಟಿಯ ವಿಷಯ ಆಗ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆಯೇ ಮಾತು. “ಏನೋ ಹುಳ ಬಿದ್ದಿರ್ಬೇಕು ಅಮ್ಮಾವ್ರೇ. ನಿಮ್ಮ ತಪ್ಪಲ್ಲ ಬುಡಿ.”

ಅವರು ಕಣ್ಣು ಒರೆಸಿಕೊಂಡು, ನಾನು ಕೊಟ್ಟ ಕಾಫಿ ಕುಡಿದು, ಪ್ರಸಾದ ಕೊಟ್ಟು ಹೋದರು.

ಒಂದು ಕೊಂಬೆಯ ತುದಿ ಇನ್ನೂ ಹಸಿರಾಗಿತ್ತು. ಕತ್ತರಿಸಿ, ಒಸರಿದ ಹಾಲು ಆರುವವರೆಗೆ ನಾಲ್ಕು ದಿನ ನೆರಳಲ್ಲಿಟ್ಟು, ಹೊಸ ಮರಳಿನಲ್ಲಿ ನೆಟ್ಟೆ. ಬೇರು ಬಿಡಲಿಲ್ಲ. ಗಂಡ ಖಾಲಿ ಕುಂಡ ನೋಡಿ, “ಸತ್ತೋಯ್ತಾ?” ಎಂದರು. ಆಕೆ ಕೇಳಿದ್ದರೋ ಇವರೇ ಒಯ್ದು ಕೊಟ್ಟರೋ ಎಂದು ನಾನೂ ಕೆದಕಲಿಲ್ಲ. ಕೆದಕಿದರೆ ಚೀಟಿಯ ಮಾತೂ ಹೊರಬರುತ್ತಿತ್ತು.

ಸಾಹೇಬರಿಗೆ ಬೇರೆ ಜಿಲ್ಲೆಗೆ ವರ್ಗವಾಗುವ ಮುಂಚೆ ಆಕೆ ಇನ್ನೂ ಎರಡು ಸಲ ಗುಡಿಗೆ ಬಂದರು. ಎರಡು ಸಲವೂ ನಮ್ಮ ಜಗಲಿಯಲ್ಲಿ ಕೂತು, ತನ್ನ ಕೈಗುಣವೇ ಸರಿಯಿಲ್ಲ, ಅದಾದ ಮೇಲೆ ಮನೆಯಲ್ಲಿ ಒಂದು ಗಿಡವನ್ನೂ ಇಟ್ಟಿಲ್ಲ ಎಂದರು. ನಾನು ಹೂಂಗುಟ್ಟುತ್ತಾ ಕೇಳಿಸಿಕೊಂಡೆ.