ಒರಗಿ ಕೂತ ಕಾಕಾ

ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಓಡಿ ಒಂದು ಕಬ್ಬು ಎಳೆದುಕೊಂಡರೆ ಅವತ್ತಿನ ದಿನ ಸಾರ್ಥಕ ಎಂದುಕೊಳ್ಳುತ್ತಿದ್ದ ವಯಸ್ಸು ನಮ್ಮದು. ದಸರೆ ಮುಗಿದರೆ ಸಾಕು, ಘೋಡಗೇರಿಯ ಗಾಳಿಗೆಲ್ಲ ಬೆಲ್ಲದ ವಾಸನೆ ಹತ್ತುತ್ತಿತ್ತು. ಸಾಲೆ ಬಿಟ್ಟ ಕೂಡಲೇ ಚೀಲವನ್ನು ಕಟ್ಟೆಗೆ ಎಸೆದು, ಗಾಣದ ಕೊಪ್ಪರಿಗೆಯ ಬಳಿ ಎಲೆ ಹಿಡಿದು ನಿಂತು ಬಿಸಿ ಬೆಲ್ಲ ಬೇಡುತ್ತಿದ್ದೆವು. ನೀವೂ ಬೇಡಿರುತ್ತೀರಿ, ನಾಲಿಗೆ ಸುಟ್ಟುಕೊಂಡಿರುತ್ತೀರಿ. ಆದರೆ ಅಂಥದೊಂದು ಸುಗ್ಗಿಯನ್ನು ನೆನೆದರೆ ನನಗೆ ಬಾಯಲ್ಲಿ ನೀರು ಬರುವುದಿಲ್ಲ, ಮೈ ಜುಮ್ಮೆನ್ನುತ್ತದೆ. ಬಾಳಪ್ಪ ಕಾಕಾನ ಸೈಕಲ್ ತಯಾರಾದ ಸುಗ್ಗಿ ಅದು.

ಬಾಳಪ್ಪ ಕಾಕಾ ನನ್ನ ಅಪ್ಪನ ತಮ್ಮ. ಮದುವೆಯಾಗಿರಲಿಲ್ಲ, ನಮ್ಮ ಜೊತೆಗೇ ಇದ್ದ. ಗೋಕಾಕದ ಪೇಟೆಯಿಂದ ಬಸ್ಸಿನಲ್ಲಿ ಬರುವ ವೀಳ್ಯದೆಲೆಯನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು, ಸುತ್ತಲಿನ ಹಳ್ಳಿಗಳ ಪಾನಪಟ್ಟಿ ಅಂಗಡಿಗಳಿಗೆ ಹಂಚುವುದು ಅವನ ಕೆಲಸ. ಆ ವರ್ಷದ ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಡಬ್ಬಿಯಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡ. ಹಿಂದಕ್ಕೆ ಒರಗಿ ಕಾಲು ಮುಂದಕ್ಕೆ ಚಾಚಿದರೆ ಮಾತ್ರ ಅವನಿಗೆ ಉಸಿರು ಸರಾಗ. ನೆಟ್ಟಗೆ ಕೂತರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಇನ್ನು ಸೈಕಲ್ಲಿನ ಸೀಟು ಎಲ್ಲಿಯ ಮಾತು? ಊರೂರು ತಿರುಗಿ ನಗಿಸಿ ಬರುತ್ತಿದ್ದ ಮನುಷ್ಯ ಹೊರಸಿನ ಮೇಲೆ ಬಿದ್ದು ಜಂತಿ ನೋಡತೊಡಗಿದ. ದಿನದಿನಕ್ಕೆ ಅವನ ಮಾತು ಕಡಿಮೆಯಾಯಿತು. ಮತ್ತೆ ಸೈಕಲ್ ಹತ್ತದಿದ್ದರೆ ಇವನು ಹೀಗೇ ಆರಿಹೋಗುತ್ತಾನೆ ಎಂದು ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಒಂದು ದಿನ ವೆಲ್ಡಿಂಗ್ ಅಂಗಡಿಯ ದಸ್ತಗೀರ ಮಾಮಾ ಮಾತಾಡಿಸಲು ಬಂದವನು ತನ್ನ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಬಿಳಿಯ ಮನುಷ್ಯ ಆರಾಮಕುರ್ಚಿಯಲ್ಲಿ ಒರಗಿದವನಂತೆ ಒರಗಿ, ಕಾಲು ಮುಂದೆ ಚಾಚಿ ಸೈಕಲ್ ತುಳಿಯುತ್ತಿದ್ದ. ಕಾಕಾ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದ.

"ದಸ್ತಗೀರಾ, ಇದನ್ನ ನನಗ ಮಾಡಿ ಕೊಡ್ತಿ?"

"ಮಾಡೂಣಂತ. ಎರಡ ಹಳಿ ಸೈಕಲ್ ಕೆಡಿಸಿದ್ರ ಒಂದ ಆಗತೈತಿ."

ಆಯಿತು. ಹುಡುಗರ ಸೈಕಲ್ಲಿನ ಸಣ್ಣ ಗಾಲಿ ಮುಂದೆ, ಕಾಕಾನ ಹಳೆಯ ಸೈಕಲ್ಲಿನ ಗಾಲಿ ಹಿಂದೆ, ನಡುವೆ ಕಾಲು ಕತ್ತರಿಸಿದ ಪ್ಲಾಸ್ಟಿಕ್ ಕುರ್ಚಿ. ಅಂಗಳಕ್ಕೆ ತಂದು ನಿಲ್ಲಿಸಿದಾಗ ನಾವು ಹುಡುಗರೆಲ್ಲ ಚಪ್ಪಾಳೆ ಹೊಡೆದೆವು. ಅಪ್ಪ ಮತ್ತು ಮಾಮಾ ಎರಡೂ ಕಡೆ ಹಿಡಿದು ಕಾಕಾನನ್ನು ಕೂರಿಸಿದರು. ಆಗ ಬಾಗಿಲಲ್ಲಿ ನಿಂತಿದ್ದ ಆಯಿ, ಅಂದರೆ ನಮ್ಮ ಅಜ್ಜಿ, ಚಿಟ್ಟನೆ ಚೀರಿದಳು.

"ಇಳಸ್ರಿ ಅವನ್ನ! ಜೀವಂತ ಮಗನ್ನ ಹಿಂಗ ಕುಂಡ್ರಸ್ತಾರೇನು?"

ಚಪ್ಪಾಳೆ ನಿಂತಿತು. ಆಯಿಗೆ ಏನು ಕಂಡಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಮಾಲೆ ಹಾಕಿ, ಕೂತ ಹಾಗೆಯೇ ಕುರ್ಚಿಯಲ್ಲಿ ಹೊತ್ತು ಊರೆಲ್ಲ ನೋಡುವಂತೆ ಒಯ್ಯುತ್ತಾರೆ. ಬೆನ್ನು ಹಿಂದಕ್ಕೆ, ಮುಖ ಮೇಲಕ್ಕೆ, ಕೈ ಪಕ್ಕಕ್ಕೆ. ಕಾಕಾ ಕೂತದ್ದು ಥೇಟ್ ಹಾಗೇ ಇತ್ತು.

"ಕುಂಡ್ರಿಸಿ ಒಯ್ಯೂದು ಎಲ್ಲಾರಿಗೂ ಒಮ್ಮೆ ಐತಿ. ಅದಕ್ಯಾಕ ಇಷ್ಟ ಅವಸರ ಮಾಡ್ತೀಯೋ ಬಾಳ್ಯಾ?" ಎಂದು ಆಯಿ ಅಳುತ್ತಾ ಒಳಗೆ ಹೋದಳು. ಅವತ್ತಿನಿಂದ ಸೈಕಲ್ ಹೊರಗೆ ಬಂದರೆ ಆಕೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು.

ಕಾಕಾ ಹಟ ಬಿಡಲಿಲ್ಲ. ಆದರೆ ಮೊದಲ ದಿನ ಬಾವಿಯವರೆಗೆ ಹೋಗಿ ಬರುವಷ್ಟರಲ್ಲಿ ಹೈರಾಣಾದ. ಬಿಳಿಯ ಮನುಷ್ಯನಿಗೆ ಸಲೀಸಾದದ್ದು ನಮ್ಮ ಕಾಕಾನ ಬೆನ್ನಿಗೆ ಒಗ್ಗಬೇಕಲ್ಲ! ಅಲ್ಲಿಂದ ಶುರುವಾಯಿತು ದುರುಸ್ತಿ. ಬೆಳಿಗ್ಗೆ ಕಾಕಾ ಒಂದು ಸುತ್ತು ಹೊಡೆಯಬೇಕು, ಸಂಜೆ ಮಾಮಾ ಬಂದು ಕೇಳಬೇಕು, "ಇವತ್ತ ಎಲ್ಲಿ ನೋಯತೈತಿ?" ಕಾಕಾ ನಾಚಿಕೆ ಬಿಟ್ಟು ಬೆರಳಿಟ್ಟು ತೋರಿಸುತ್ತಿದ್ದ. ಅಲ್ಲಿಗೆ ನಾನು ಸೀಮೆಸುಣ್ಣದ ಗುರುತು ಹಾಕುತ್ತಿದ್ದೆ. ಬೆನ್ನಿನಲ್ಲಿ ಗುರುತು, ಅದಕ್ಕೆ ತಾಗುವ ಪೈಪಿನ ಮೇಲೊಂದು ಗುರುತು.

ಬಾಲದೆಲುಬಿಗೆ ಚುಚ್ಚುತ್ತದೆ ಎಂದದ್ದಕ್ಕೆ ಪ್ಲಾಸ್ಟಿಕ್ ಕುರ್ಚಿ ಹೋಗಿ, ಬಗ್ಗಿಸಿದ ಪೈಪಿಗೆ ಹೊರಸಿನ ನವಾರಪಟ್ಟಿ ಹೆಣೆದದ್ದಾಯಿತು. ಕಾಲು ಪೂರ್ತಿ ಚಾಚಿದರೆ ನರ ಎಳೆಯುತ್ತದೆ ಎಂದಾಗ ಮುಂದಿನ ಪೈಪು ಕೊಯ್ದು ಪೆಡಲ್ ಹತ್ತಿರ ತಂದರು. ಹಿಮ್ಮಡಿ ಜಾರಬಾರದೆಂದು ಚರ್ಮದ ಪಟ್ಟಿ ಬಂತು. ಕೊನೆಗೆ ಉಳಿದದ್ದು ಕುತ್ತಿಗೆ. ಒರಗಿದರೆ ತಲೆಗೆ ಆಸರೆಯಿಲ್ಲ, ತಲೆ ಎತ್ತಿ ಹಿಡಿದರೆ ಕುತ್ತಿಗೆಯ ಹಿಂದೆ ಕೊರೆತ. ಅವ್ವ ಅರಳೆ ತುಂಬಿ ಒಂದು ಸುರುಳಿ ಹೊಲಿದುಕೊಟ್ಟಳು. ಅದು ದಪ್ಪವಾಯಿತು, ಬಿಚ್ಚಿ ಹೊಲಿದಳು. ತೆಳ್ಳಗಾಯಿತು, ಮತ್ತೆ ಬಿಚ್ಚಿದಳು. ಪ್ರತಿ ದುರುಸ್ತಿಗೂ ಕಾಕಾ ಇನ್ನಷ್ಟು ಒಳಗೆ ಸೇರಿ ಕೂರುತ್ತಿದ್ದ, ಅವನ ಮುಖದ ಗಂಟು ಸಡಿಲಾಗುತ್ತಿತ್ತು. ಮತ್ತು ಪ್ರತಿ ದುರುಸ್ತಿಗೂ ಅವನು ಆಯಿ ಹೇಳಿದಂತೆಯೇ ಹೆಚ್ಚು ಹೆಚ್ಚು ಕಾಣುತ್ತಿದ್ದ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಸಾಲೆಯಿಂದ ಬಂದೆ. ಅಂಗಳದಲ್ಲಿ ಯಾರೂ ಇಲ್ಲ. ಬೇವಿನ ಗಿಡದ ಕೆಳಗೆ ಬೊಡ್ಡೆಗೆ ಆನಿಸಿ ಸೈಕಲ್ ನಿಂತಿತ್ತು, ಅದರಲ್ಲಿ ಕಾಕಾ ಕೂತಿದ್ದ. ಕಣ್ಣು ಮುಚ್ಚಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಹಣೆಯ ವಿಭೂತಿಯ ಮೇಲೆ, ಎದೆಯ ಮೇಲೆ, ತೊಡೆಯ ಮೇಲೆ ಬೇವಿನೆಲೆ ಉದುರಿದ್ದವು. ಒಂದು ನೊಣ ಗಲ್ಲದ ಮೇಲೆ ನಡೆಯುತ್ತಿತ್ತು, ಕಾಕಾ ಅದನ್ನು ಓಡಿಸಲಿಲ್ಲ. ಕೂಗಲು ನನ್ನಿಂದ ಆಗಲಿಲ್ಲ. ಒಳಗೆ ಹೋಗಿ ಹೇಳಿದರೆ ಖರೆ ಆಗಿಬಿಡುತ್ತದೆ ಎಂದು ಅಲ್ಲೇ ನಿಂತೆ. ಗಾಣದ ಕಡೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು.

ಕಾಕಾ ಒಂದು ಕಣ್ಣು ತೆರೆದ.

"ಯಾಕ ಅಳಾಕತ್ತಿ ಯವ್ವಾ?"

ನಾನು ತೋಳಿನಿಂದ ಮೂಗು ಒರೆಸಿಕೊಂಡೆ.

"ಹತ್ತಿದ್ದೇ ನಿದ್ದಿ ಬಂತು ನೋಡ. ಎಲ್ಲೂ ನೋವಿಲ್ಲ. ಬರೋಬರಿ ಕುಂತೈತಿ" ಎಂದು ಕಾಕಾ ನಕ್ಕ. ಬಿದ್ದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ನಾನು ಒಳಗೆ ಓಡಿ ಹಾಸಿಗೆಯ ಸುರುಳಿಯಲ್ಲಿ ಮುಖ ಹುದುಗಿಸಿಕೊಂಡೆ.

ಮರುದಿನವೇ ಅವನು ಹಿಂದಿನ ಕ್ಯಾರಿಯರಿಗೆ ಎಲೆಯ ಪಿಂಡಿ ಕಟ್ಟಿಕೊಂಡು ಹುಕ್ಕೇರಿ ರಸ್ತೆ ಹಿಡಿದ. ಸಂಜೆ ಬಂದು ಹೇಳಿದ ಸುದ್ದಿಗೆ ಅಪ್ಪ, ಮಾಮಾ ಹೊಟ್ಟೆ ಹಿಡಿದು ನಕ್ಕರು. ಎದುರಿಗೆ ಬರುತ್ತಿದ್ದ ಮೇಲವಂಕಿಯ ಮುದುಕರೊಬ್ಬರು ದೂರದಿಂದಲೇ ಕಾಕಾನನ್ನು ನೋಡಿ, ಚಪ್ಪಲಿ ಕಳಚಿ ರಸ್ತೆಯ ಬಾಜೂಕ್ಕೆ ಸರಿದು ಕೈಮುಗಿದು ನಿಂತರಂತೆ.

"ನಾ ಇನ್ನೂ ಹೊಂಟಿಲ್ರೀ ಯಜಮಾನ್ರ, ಎಲಿ ಮಾರಾಕ ಹೊಂಟೇನಿ ಅಂದೆ. ಮುದುಕ ಹೌಹಾರಿ ಚಪ್ಪಲಿ ಅಲ್ಲೇ ಬಿಟ್ಟ ಓಡಿತು!"

ನನಗೆ ನಗು ಬರಲಿಲ್ಲ. ಆಯಿಯೂ ಗೋಡೆ ನೋಡುತ್ತ ಕೂತೇ ಇದ್ದಳು. ಆಮೇಲೆ ಎಷ್ಟು ಸಲ ಕಾಕಾ "ಬಾ, ಒಂದ ಸುತ್ತ ಹಿಂದ ಕುಂಡ್ರ" ಎಂದು ಕರೆದರೂ ನಾನು ಹೋಗಲಿಲ್ಲ. ಇವತ್ತಿಗೂ ಬಸ್ಸಿನಲ್ಲಿ ಪಕ್ಕದವರು ತಲೆ ಹಿಂದಕ್ಕೆ ಹಾಕಿ ನಿದ್ದೆ ಹೋದರೆ, ಎದೆ ಏರಿಳಿಯುತ್ತಿದೆಯೇ ಎಂದು ನೋಡುವವರೆಗೂ ನನಗೆ ಸಮಾಧಾನವಿಲ್ಲ.

ಸೈಕಲ್ಲಿನಿಂದ ಕಾಕಾನಿಗೆ ಏನೂ ಆಗಲಿಲ್ಲ. ಅದರ ಮೇಲೆ ಎಷ್ಟೋ ವರ್ಷ ಎಲೆ ಮಾರಿದ. ನಾನು ಗೋಕಾಕದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಜ್ವರ ಬಂದು ಹೋಗಿಬಿಟ್ಟ. ನಾನು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹೆದರಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಚಿಕ್ಕಂದಿನಿಂದ ನೋಡಿ ನೋಡಿ ಹೆದರಿ ಮುಗಿಸಿದ್ದ ಮುಖ ಅದು. ಆದರೆ ತಲೆ ಒಂದು ಬದಿಗೆ ಜೋತಿತ್ತು. ಕುತ್ತಿಗೆಗೂ ಗೋಡೆಗೂ ನಡುವೆ ಸಂದು ಬಿಟ್ಟಿತ್ತು.

"ಕುತ್ತಿಗಿ ಹಿಂದ ಏನರ ಇಡ್ರಿ" ಎಂದೆ.

ಹಿರಿಯರೊಬ್ಬರು ನನ್ನ ತಲೆ ಸವರಿದರು. "ಇನ್ನೆಲ್ಲಿ ನೋವ ತಂಗಿ ಅವಂಗ? ಎಲ್ಲಾ ಮುಗೀತಲ್ಲ."

"ಇಡ್ರಿ" ಎಂದಳು ಮೂಲೆಯಲ್ಲಿದ್ದ ಆಯಿ. "ಅವಂಗ ಅಲ್ಲೇ ನೋವು."

ಯಾರೂ ಅಲುಗಾಡಲಿಲ್ಲ. ಆಯಿ ತಾನೇ ಎದ್ದು ಬಂದು, ತನ್ನ ಶಾಲು ಸುತ್ತಿ ಸಂದಿನಲ್ಲಿ ಇಟ್ಟಳು. ದಪ್ಪವಾಯಿತು ಎನಿಸಿತೋ ಏನೋ, ತೆಗೆದು ಒಂದು ಮಡಿಕೆ ಬಿಚ್ಚಿ ಮತ್ತೆ ಇಟ್ಟಳು. ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದಳು.

"ಈಗ ಬರೋಬರಿ ಆತೇನೋ ಬಾಳ್ಯಾ?" ಎಂದು ಕೇಳಿ, ಅವನ ಮುಖ ನೋಡುತ್ತ ನಿಂತಳು.

ಈಗ ಆಯಿಯೂ ಇಲ್ಲ. ಉಳಿದ ನಾವು ಹೆಚ್ಚಾಗಿ ಫೋನಿನಲ್ಲೇ ಭೇಟಿಯಾಗುವುದು. "ಆರಾಮ?" ಎಂದರೆ "ಹೂಂ, ಆರಾಮ" ಎನ್ನುವುದು ನಮ್ಮ ಕಡೆಯ ರೂಢಿ, ಮುಂದೆ ಕೇಳುವಂತಿಲ್ಲ. ಬೆರಳಿಟ್ಟು ಇಲ್ಲಿ ನೋಯುತ್ತದೆ ಎಂದು ತೋರಿಸುವವರು ನಮ್ಮ ಮನೆಯಲ್ಲಿ ಒಬ್ಬನೇ ಇದ್ದ. ಹೋದ ವಾರ ಅವ್ವ ಮಾತಾಡುತ್ತಲೇ ಏಳಲು ಹೋಗಿ, ನಡುವೆ ಉಸಿರು ಹಿಡಿದದ್ದು ನನಗೆ ಕೇಳಿಸಿತು.

"ಎಲ್ಲಿ ನೋಯತೈತಿ ಅವ್ವಾ?"

"ಎಲ್ಲೂ ಇಲ್ಲ, ಆರಾಮ ಅದೀನಿ" ಎಂದು ಅವ್ವ ಫೋನ್ ಇಟ್ಟಳು.