ಹೊಗೆಯ ಲೆಕ್ಕ

ಕೆಂಚಾರ್ಲಹಳ್ಳಿಯ ಆವಲಪ್ಪ ಮೇಸ್ತ್ರಿ ಗಾರೆ ಬಳಿದ ಗೋಡೆಯ ಮೇಲೆ ಇರುವೆಯೂ ಜಾರುತ್ತದಂತೆ. ಹಾಗೆ ಹೇಳುತ್ತಿದ್ದವನು ಆವಲಪ್ಪನೇ, ಆದರೆ ಪೂರ್ತಿ ಸುಳ್ಳೇನಲ್ಲ. ಚಿಂತಾಮಣಿಯ ಸುತ್ತಮುತ್ತ ಗೃಹಪ್ರವೇಶಕ್ಕೆ ಬಂದ ನೆಂಟರು ಊಟಕ್ಕೆ ಕೂರುವ ಮೊದಲು ಗೋಡೆಯ ಮೇಲೆ ಅಂಗೈ ಆಡಿಸಿ, "ಮೇಸ್ತ್ರಿ ಯಾರು?" ಎಂದು ಕೇಳುತ್ತಾರೆ. ಮೂವತ್ತು ವರ್ಷ ಅವನ ಹೊಟ್ಟೆ ತುಂಬಿದ್ದು ಅದರಿಂದಲೇ.

ಹೋದ ವರ್ಷ ಒಂದು ಟ್ರಸ್ಟಿನವರು ಊರಿನ ಮಕ್ಕಳಿಗೆ ಲೈಬ್ರರಿ ಕಟ್ಟಿಸಲು ಬಂದು ಕೆಲಸವನ್ನು ಆವಲಪ್ಪನಿಗೆ ಒಪ್ಪಿಸಿದರು. ಅವರ ಇಂಜಿನಿಯರ್ ಶೋಭಾರಾಣಿ, ಆವಲಪ್ಪನ ಮಗಳ ವಯಸ್ಸಿನವಳು. ಅವಳ ಲ್ಯಾಪ್‌ಟಾಪಿನಲ್ಲಿ ಕಲ್ಲಿಗೊಂದು, ಕಬ್ಬಿಣಕ್ಕೊಂದು ಅಂಕಿ. ಆ ಸಾಮಾನು ತಯಾರಿಸಿ ಇಲ್ಲಿಗೆ ತರುವಷ್ಟರಲ್ಲಿ ಗಾಳಿಗೆ ಎಷ್ಟು ಹೊಗೆ ಸೇರಿತು ಎಂಬ ಲೆಕ್ಕವಂತೆ. ಒಟ್ಟು ಮೊತ್ತ ಟ್ರಸ್ಟು ಹಾಕಿದ ಮಿತಿ ದಾಟದಿದ್ದರೆ ಇಂಥವೇ ಇನ್ನೂ ಮೂರು ಕಟ್ಟಡ ಆವಲಪ್ಪನಿಗೇ.

"ಇಟ್ಟಿಗೆ ಗೂಡಿನ ಹೊಗೆ ಕಣ್ಣಾರೆ ಕಂಡಿದ್ದೀನಿ, ಬೇಡ ಅಂದ್ರೆ ಒಪ್ತೀನಿ. ಸಿಮೆಂಟು ಮೂಟೇಲಿ ತಣ್ಣಗೆ ಬರುತ್ತಲ್ಲಮ್ಮ?"

"ಅದಕ್ಕೂ ಫ್ಯಾಕ್ಟರೀಲಿ ಕಲ್ಲು ಸುಡ್ತಾರೆ ಮೇಸ್ತ್ರಿ. ನಮಗೆ ಕಾಣಲ್ಲ ಅಷ್ಟೆ."

ಆವಲಪ್ಪ ಜೋರಾಗಿ ತಲೆಯಾಡಿಸಿದ. ಏನೂ ಅರ್ಥವಾಗದಿದ್ದಾಗಲೇ ಅವನ ತಲೆ ಅಷ್ಟು ಜೋರಾಗಿ ಆಡುವುದು.

ಪಾಯದಿಂದ ತೆಗೆದ ಮಣ್ಣನ್ನೇ ಮಿಷನ್ನಿನಲ್ಲಿ ಸುಡದ ಇಟ್ಟಿಗೆಯಾಗಿ ಒತ್ತಿ ಗೋಡೆ ಎಬ್ಬಿಸಿದರು. "ಗಾರೆ ಬೇಡ, ಹೀಗೇ ಇರಲಿ" ಎಂದು ಹೇಳಿ ಶೋಭಾರಾಣಿ ಚಿಕ್ಕಬಳ್ಳಾಪುರಕ್ಕೆ ಹೋದಳು. ಆವಲಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಬೋಳು ಗೋಡೆಯೆಂದರೆ ಅರ್ಧಕ್ಕೆ ಕೈಬಿಟ್ಟ ಕೆಲಸವಲ್ಲವೇ? ಪಾಪ, ದುಡ್ಡು ಮುಗಿದಿರಬೇಕು, ಹೇಳಿಕೊಳ್ಳಲು ಹುಡುಗಿಗೆ ನಾಚಿಕೆ ಎಂದುಕೊಂಡ. ತನ್ನ ಕೈಯಿಂದಲೇ ದುಡ್ಡು ಹಾಕಿ ಇಪ್ಪತ್ತೈದು ಮೂಟೆ ಸಿಮೆಂಟು ತರಿಸಿ, ಒಳಗೂ ಹೊರಗೂ ಕನ್ನಡಿಯ ಹಾಗೆ ಬಳಿದ.

ವಾರ ಬಿಟ್ಟು ಬಂದ ಶೋಭಾರಾಣಿ ಗೋಡೆ ನೋಡಿ ಬಾಗಿಲಲ್ಲೇ ಕುಳಿತಳು. ಲೆಕ್ಕ ಮಿತಿ ದಾಟಿತ್ತು.

"ನಿಮ್ಮ ದುಡ್ಡಲ್ಲಮ್ಮ, ನಂದು. ಅದನ್ನೂ ಸೇರಿಸ್ತಾರಾ?"

"ಹೊಗೆಗೆ ಯಾರ ದುಡ್ಡಾದ್ರೇನು ಮೇಸ್ತ್ರಿ?"

"ಕೆರೆದು ಹಾಕ್ತೀನಿ. ಎರಡೇ ದಿನ."

"ಸುಟ್ಟಾಯ್ತಲ್ಲ. ಕೆರೆದ್ರೆ ಹೋದ ಹೊಗೆ ವಾಪಸ್ ಬರಲ್ಲ." ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಆ ಮೂರು ಕಟ್ಟಡ ಇನ್ನು ಬೇರೆಯವರಿಗೆ ಕೊಡ್ತಾರೆ."

ಒಳ್ಳೆಯದು ಮಾಡಲು ಹೋಗಿ ಎಲ್ಲಿ ತಪ್ಪಿದೆನೆಂದು ಆವಲಪ್ಪನಿಗೆ ಆಗಲೂ ಹೊಳೆಯಲಿಲ್ಲ. ಹೊಸ ಗಾರೆಯ ಮೇಲೆ ಅಂಗೈ ಆಡಿಸುತ್ತಾ ಕೇಳಿದ: "ಹಂಗಾದ್ರೆ ಇಷ್ಟು ವರ್ಷ ನಾನು ಬಳಿದಿದ್ದರ ಹೊಗೆ ಎಷ್ಟಾಯ್ತಮ್ಮ?"

"ಅದನ್ನ ಯಾರೂ ಕೇಳಲ್ಲ ಬಿಡಿ."

"ನಾನು ಕೇಳ್ತಿದ್ದೀನಲ್ಲಮ್ಮ" ಎಂದ ಆವಲಪ್ಪ.